ಆರ್ಡರ್ ನಿಂತ ಕಾಲದಲ್ಲಿ ಕೆಲಸ ಹುಡುಕಿದ ಖರೀದಿ ಮ್ಯಾನೇಜರ್: ಒಂದು ಪ್ರಕರಣ ಅಧ್ಯಯನ

ಕೆಲಸ ಹೋದಾಗ ಆಕೆಗೆ 38 ವರ್ಷ. ಕಾರ್ಖಾನೆಗಳಿಗೆ ಬೇಕಾಗುವ ದೊಡ್ಡ ಪಂಪ್ ತಯಾರಿಸುವ ಕಂಪನಿಯೊಂದರ ಖರೀದಿ ವಿಭಾಗದಲ್ಲಿ 12 ವರ್ಷ ದುಡಿದಿದ್ದರು. ಎರಕದ ಭಾಗ, ಬೇರಿಂಗ್, ಸೀಲ್, ಮೋಟಾರ್ ಇವನ್ನೆಲ್ಲ ಯಾರಿಂದ ತರಿಸಬೇಕು, ಎಷ್ಟಕ್ಕೆ ತರಿಸಬೇಕು, ಯಾವಾಗ ತರಿಸಬೇಕು ಅನ್ನುವುದು ಅವರ ಕೆಲಸ. ಆರ್ಥಿಕತೆ ಕುಸಿಯುವಾಗ ಮೊದಲು ಪೆಟ್ಟು ತಿನ್ನುವುದು ಇಂಥ ಕಂಪನಿಗಳೇ. ಜನ ಊಟ, ಔಷಧಿ ಬಿಡುವುದಿಲ್ಲ. ಹೊಸ ಯಂತ್ರ ಕೊಳ್ಳುವುದನ್ನು ಮಾತ್ರ ಯಾವ ಕಾರ್ಖಾನೆ ಬೇಕಾದರೂ ಒಂದು ವರ್ಷ ಮುಂದಕ್ಕೆ ಹಾಕಬಹುದು. ಎಲ್ಲರೂ ಮುಂದಕ್ಕೆ ಹಾಕಿದರು. ಒಂಬತ್ತು ಜನರಿದ್ದ ವಿಭಾಗದಲ್ಲಿ ನಾಲ್ವರು ಉಳಿದರು. ಆಕೆ ಉಳಿಯಲಿಲ್ಲ. ಕೆಲಸ ಸರಿ ಮಾಡುತ್ತಿರಲಿಲ್ಲ ಅಂತ ಯಾರೂ ಹೇಳಲಿಲ್ಲ. ಮಧ್ಯದ ಹುದ್ದೆ, ಸಂಬಳ ಜಾಸ್ತಿ, ಕೆಲಸವನ್ನು ಉಳಿದವರಿಗೆ ಹಂಚಬಹುದು. ಲೆಕ್ಕ ಅಷ್ಟೇ.

ನಾನು ಬಹಳ ಕಾಲ ಮೇಜಿನ ಆಚೆ ಬದಿಯಲ್ಲಿ, ನೇಮಕ ಮಾಡುವವರ ಜೊತೆ ಕೂತವನು. ಈಗ ಕೆಲಸ ಹುಡುಕುವವರ ಜೊತೆ ಕೂರುತ್ತೇನೆ. ಈ ಪ್ರಕರಣ ಯಾಕೆ ಬರೆಯುತ್ತಿದ್ದೇನೆ ಅಂದರೆ, ಇದರಲ್ಲಿ ಪವಾಡ ಏನೂ ಇಲ್ಲ. ಮೊದಲು ಕೆಲವು ತಿಂಗಳು ಆಕೆ ಖಾಲಿ ಹುದ್ದೆ ಎಲ್ಲಿದೆ ಅಂತ ಹುಡುಕಿದರು. ಆಮೇಲೆ ಯಾವ ಕಂಪನಿಗೆ ತೊಂದರೆ ಆಗಿದೆ ಅಂತ ಹುಡುಕಿದರು. ಇವೆರಡರ ನಡುವಿನ ಫರಕೇ ಇಡೀ ಪ್ರಕರಣ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ.

ಜಾಹೀರಾತಿನ ಬೆನ್ನು ಹತ್ತಿದ ದಿನಗಳು

ಎಲ್ಲರೂ ಮಾಡುವುದನ್ನೇ ಆಕೆಯೂ ಮಾಡಿದರು. ಜಾಬ್ ಪೋರ್ಟಲ್‌ಗಳಲ್ಲಿ ಹೆಸರು ನೋಂದಾಯಿಸಿದರು. ಬೆಳಿಗ್ಗೆ ಎದ್ದ ತಕ್ಷಣ ಫೋನಿಗೆ ಬಂದ ಅಲರ್ಟ್ ನೋಡುವುದು, ‘ಖರೀದಿ’ ಅಂತ ಕಂಡಲ್ಲೆಲ್ಲ ಅರ್ಜಿ ಹಾಕುವುದು, ರಾತ್ರಿ ಮಲಗುವ ಮುಂಚೆ ಇನ್ನೊಂದು ಸುತ್ತು. ಮೂರು ತಿಂಗಳಲ್ಲಿ ನೂರಕ್ಕೂ ಹೆಚ್ಚು ಅರ್ಜಿ ಹೋದವು. ಉತ್ತರ ಬಂದದ್ದು ನಾಲ್ಕು. ಅದರಲ್ಲಿ ಎರಡು ಯಂತ್ರವೇ ಕಳಿಸುವ ‘ಧನ್ಯವಾದ, ಮುಂದೆ ನೋಡೋಣ’ ಅನ್ನುವಂಥವು.

ಆಕೆ ತಂದುಕೊಟ್ಟ ಜಾಹೀರಾತುಗಳನ್ನು ಒಟ್ಟಿಗೆ ಕೂತು ಓದಿದೆವು. ಕೆಲವು ತಿಂಗಳುಗಟ್ಟಲೆ ಹಳೆಯವು. ನೇಮಕಾತಿ ನಿಲ್ಲಿಸಿ ಅಂತ ಮೇಲಿನವರು ಹೇಳಿರುತ್ತಾರೆ, ಜಾಹೀರಾತು ತೆಗೆಯಿರಿ ಅಂತ ಯಾರೂ ಹೇಳಿರುವುದಿಲ್ಲ. ಇನ್ನು ಕೆಲವು ಸುಮ್ನೆ ಹೆಸರು ಸಂಗ್ರಹಿಸಿ ಇಟ್ಟುಕೊಳ್ಳಲು ಹಾಕಿದ್ದು. ನಿಜವಾದ ಹುದ್ದೆಗಳಲ್ಲಿ ಅರ್ಹತೆಯ ಪಟ್ಟಿ ಉದ್ದವಾಗಿತ್ತು. ಮೊದಲು ಐದು ವರ್ಷದ ಅನುಭವ ಸಾಕು ಅನ್ನುತ್ತಿದ್ದ ಹುದ್ದೆಗೆ ಈಗ ಎಂಟು ವರ್ಷ, ಮೇಲೊಂದು ಡಿಗ್ರಿ, ಜೊತೆಗೆ ಎರಡು ಸಾಫ್ಟ್‌ವೇರ್ ಬರಬೇಕು. ಇದು ಆಕೆಯ ಭ್ರಮೆ ಏನಲ್ಲ. ಅಮೆರಿಕದಲ್ಲಿ 2007ರಿಂದ 2009ರವರೆಗೆ ಇದ್ದ ಆರ್ಥಿಕ ಹಿಂಜರಿತದ ನಂತರ ಮೋಡೆಸ್ಟಿನೋ, ಶೋಗ್, ಬ್ಯಾಲೆನ್ಸ್ ಅನ್ನುವ ಅರ್ಥಶಾಸ್ತ್ರಜ್ಞರು ಆನ್‌ಲೈನ್ ಜಾಹೀರಾತುಗಳನ್ನು ಜಾಲಾಡಿದರು. ಕೆಲಸ ಹುಡುಕುವವರು ಹೆಚ್ಚಾದ ಕಡೆ ಕಂಪನಿಗಳು ಅದೇ ಹುದ್ದೆಗೆ ಹೆಚ್ಚು ಓದು, ಹೆಚ್ಚು ಅನುಭವ ಕೇಳಿದ್ದವು. ಸ್ಥಿತಿ ಸುಧಾರಿಸಿದ ಮೇಲೆ ಬೇಡಿಕೆ ಇಳಿಸಿದ್ದವು. ಅಂದರೆ ಆ ಪಟ್ಟಿ ಹುದ್ದೆಗೆ ಬೇಕಾದದ್ದರ ಪಟ್ಟಿ ಆಗಿರಲಿಲ್ಲ. ಸಾಲಿನಲ್ಲಿ ಜಾಸ್ತಿ ಜನ ನಿಂತಿದ್ದಾರೆ, ಆರಿಸಿಕೊಳ್ಳಬಹುದು ಅನ್ನುವ ಧೈರ್ಯ ಅಷ್ಟೇ. ಅದನ್ನು ನೋಡಿ ‘ನಾನು ಯೋಗ್ಯಳಲ್ಲ’ ಅಂತ ಆಕೆ ಅರ್ಜಿ ಹಾಕದೇ ಬಿಟ್ಟ ಕೆಲವು ಒಳ್ಳೆಯ ಹುದ್ದೆಗಳೂ ಇದ್ದವು.

ಸಾಲು ಎಷ್ಟು ಉದ್ದ ಆಗುತ್ತದೆ? ಅದೇ ಹಿಂಜರಿತದ ಅಂಕಿ ನೋಡಿ. 2007ರ ಕೊನೆಯಲ್ಲಿ ಅಮೆರಿಕದಲ್ಲಿ ಒಂದು ಖಾಲಿ ಹುದ್ದೆಗೆ ಇದ್ದದ್ದು ಎರಡಕ್ಕಿಂತ ಕಡಿಮೆ ನಿರುದ್ಯೋಗಿಗಳು. 2009ರ ಮಧ್ಯದ ಹೊತ್ತಿಗೆ ಆರಕ್ಕೂ ಹೆಚ್ಚು. ಆದರೆ ಜನ ಗಮನಿಸದ ಇನ್ನೊಂದು ಅಂಕಿ ಇದೆ. ಆ ಕೆಟ್ಟ ವರ್ಷದಲ್ಲೂ ಅಲ್ಲಿ ಪ್ರತಿ ತಿಂಗಳು 30 ಲಕ್ಷಕ್ಕೂ ಹೆಚ್ಚು ಹೊಸ ನೇಮಕ ಆಗುತ್ತಿತ್ತು. ‘ಯಾರೂ ತಗೊಳ್ತಿಲ್ಲ’ ಅನ್ನುವ ಮಾತು ಯಾವ ಹಿಂಜರಿತದಲ್ಲೂ ಪೂರ್ತಿ ನಿಜ ಆಗುವುದಿಲ್ಲ. ಜನ ನಿವೃತ್ತರಾಗುತ್ತಾರೆ, ರಜೆ ಹೋಗುತ್ತಾರೆ, ಬಿಟ್ಟು ಹೋಗುತ್ತಾರೆ. ಅವರ ಜಾಗಕ್ಕೆ ಯಾರಾದರೂ ಬರಲೇಬೇಕು. ಮುಖ್ಯ ಏನೆಂದರೆ, ಇಂಥ ಜಾಗಗಳಲ್ಲಿ ಬಹಳಷ್ಟು ಜಾಹೀರಾತಿನವರೆಗೆ ಬರುವುದೇ ಇಲ್ಲ. ಜಾಹೀರಾತು ಹಾಕಿದರೆ ಸಾವಿರ ಅರ್ಜಿ ಬಂದು ಬೀಳುತ್ತವೆ ಅಂತ ಮ್ಯಾನೇಜರ್‌ಗೆ ಗೊತ್ತು. ಗೊತ್ತಿರುವ ಒಬ್ಬರನ್ನು ಕೇಳಿ ಮುಗಿಸುತ್ತಾರೆ. ನಾನೂ ಎಷ್ಟೋ ಸಲ ಹಾಗೇ ಮುಗಿಸಿದ್ದೇನೆ.

ಕೈಯಲ್ಲಿದ್ದ ತಿಂಗಳುಗಳು

ಹಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಂಪನಿ ಕೊಟ್ಟ ಪರಿಹಾರ ಮತ್ತು ಉಳಿತಾಯ ಸೇರಿ, ಹಳೆಯ ಖರ್ಚಿನ ರೀತಿಯಲ್ಲಿ ಏಳು ತಿಂಗಳು ಬರುತ್ತಿತ್ತು. ಖರ್ಚು ಕಡಿಮೆ ಮಾಡಿದರೆ ಹತ್ತು. ಆಕೆ ‘ಇನ್ನು ಎರಡು ತಿಂಗಳಲ್ಲಿ ಮಾರುಕಟ್ಟೆ ಚೇತರಿಸುತ್ತದೆಯಂತೆ’ ಅಂತ ಸುದ್ದಿ ಓದಿ ಖರ್ಚು ಮುಟ್ಟಿರಲಿಲ್ಲ. ಇಲ್ಲೇ ಬಹಳ ಜನ ಎಡವುತ್ತಾರೆ. ಆರ್ಥಿಕತೆ ಚೇತರಿಸುವುದಕ್ಕೂ ನೇಮಕಾತಿ ಚೇತರಿಸುವುದಕ್ಕೂ ನಡುವೆ ಅಂತರ ಇದೆ. ಆ ಅಮೆರಿಕದ ಹಿಂಜರಿತ ಅಧಿಕೃತವಾಗಿ ಮುಗಿದದ್ದು 2009ರ ಜೂನ್‌ನಲ್ಲಿ. ನಿರುದ್ಯೋಗ ಅತಿ ಹೆಚ್ಚು, ಅಂದರೆ ಶೇ. 10 ಮುಟ್ಟಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಆರ್ಡರ್ ಬರಲು ಶುರುವಾದರೂ ಕಂಪನಿ ಮೊದಲು ಇರುವವರಿಂದಲೇ ಓವರ್‌ಟೈಮ್ ಮಾಡಿಸುತ್ತದೆ. ನಂಬಿಕೆ ಬಂದ ಮೇಲೆ ಗುತ್ತಿಗೆಯವರನ್ನು ತೆಗೆದುಕೊಳ್ಳುತ್ತದೆ. ಕಾಯಂ ನೇಮಕ ಕೊನೆಗೆ.

ಆಕೆ ಖರ್ಚು ಇಳಿಸಿ, ಕ್ಯಾಲೆಂಡರ್‌ನಲ್ಲಿ ಎರಡು ಗುರುತು ಹಾಕಿಕೊಂಡರು. ನಾಲ್ಕನೇ ತಿಂಗಳವರೆಗೆ ಹಳೆಯ ಮಟ್ಟದ ಕಾಯಂ ಕೆಲಸ ಮಾತ್ರ. ಅಲ್ಲಿಂದ ಏಳನೇ ತಿಂಗಳವರೆಗೆ ಗುತ್ತಿಗೆಯೂ ಆಗಬಹುದು, ಒಂದು ಮೆಟ್ಟಿಲು ಕೆಳಗಿನದ್ದೂ ಆಗಬಹುದು. ಆಮೇಲೆ ಯಾವುದಾದರೂ ಸರಿ. ಭಯದಲ್ಲಿ ಕೂತು ತೆಗೆದುಕೊಳ್ಳಬೇಕಾದ ನಿರ್ಧಾರವನ್ನು ಸಮಾಧಾನದಲ್ಲಿ ಇದ್ದಾಗಲೇ ತೆಗೆದುಕೊಂಡು ಇಟ್ಟಂತಾಯಿತು.

ನಡುವೆ ಆಕೆ ಡೇಟಾ ಅನಾಲಿಟಿಕ್ಸ್ ಅಂತ ಆನ್‌ಲೈನ್ ಕೋರ್ಸ್ ಒಂದನ್ನು ದುಡ್ಡು ಕೊಟ್ಟು ಮುಗಿಸಿದರು. ಆ ಸರ್ಟಿಫಿಕೇಟನ್ನು ಇವತ್ತಿನವರೆಗೂ ಯಾರೂ ಕೇಳಿಲ್ಲ. ನಿಮ್ಮ ಹುದ್ದೆಯ ಜಾಹೀರಾತುಗಳಲ್ಲಿ ಅದರ ಹೆಸರು ಮತ್ತೆ ಮತ್ತೆ ಕಾಣುತ್ತಿದ್ದರೆ ಕಲಿಯಿರಿ. ಇಲ್ಲದಿದ್ದರೆ ಅದು ಕೆಲಸ ಹುಡುಕುವುದರಿಂದ ತಪ್ಪಿಸಿಕೊಳ್ಳಲು ಸಿಕ್ಕ ಗೌರವದ ನೆಪ. ಒಂದು ‘ಆಫರ್’ ಕೂಡ ಬಂದಿತ್ತು. ಇಂಟರ್ವ್ಯೂ ಇಲ್ಲ, ನೇರ ನೇಮಕ, ಲ್ಯಾಪ್‌ಟಾಪ್‌ಗೆ ಡೆಪಾಸಿಟ್ ಕಟ್ಟಿ ಅಂತ. ಕೆಲಸ ಕೊಡುವವರು ನಿಮ್ಮ ಹತ್ತಿರ ದುಡ್ಡು ಕೇಳಿದರೆ ಅಲ್ಲಿಗೆ ಮಾತು ಮುಗಿಯಿತು. ಹಿಂಜರಿತದಲ್ಲಿ ಈ ದಂಧೆ ಮಾತ್ರ ಜೋರಾಗಿರುತ್ತದೆ.

ಹೊಸದು ಕೊಳ್ಳದವರು ಹಳೆಯದನ್ನು ಏನು ಮಾಡುತ್ತಾರೆ?

ಹುಡುಕಾಟ ತಿರುಗಿದ್ದು ಇಲ್ಲಿ. ಯಾರು ಯಾರ ಹತ್ತಿರ ಕೇಳಿದ್ದೀರಿ ಅಂತ ಕೇಳಿದೆ. ಸ್ನೇಹಿತರು, ಸಂಬಂಧಿಕರು, ಜೊತೆಗಿದ್ದ ಸಹೋದ್ಯೋಗಿಗಳು. ಸಹೋದ್ಯೋಗಿಗಳಲ್ಲಿ ಅರ್ಧ ಜನ ತಾವೇ ಕೆಲಸ ಹುಡುಕುತ್ತಿದ್ದರು. ಹತ್ತಿರದವರಿಗೆ ಗೊತ್ತಿರುವುದು ಬಹುತೇಕ ನಮಗೂ ಗೊತ್ತಿರುತ್ತದೆ, ಅಲ್ವಾ? ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1970ರ ದಶಕದಲ್ಲಿ ಇದನ್ನೇ ಅಳೆದು ನೋಡಿದರು. ಅಮೆರಿಕದ ನ್ಯೂಟನ್ ಅನ್ನುವ ಊರಿನಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕಿದ ಉದ್ಯೋಗಿಗಳನ್ನು ‘ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿ ಆಗುತ್ತಿದ್ದಿರಿ’ ಅಂತ ಕೇಳಿದರು. ಪದೇ ಪದೇ ಅಂದವರು ಸುಮಾರು ಶೇ. 17. ಯಾವಾಗಲಾದರೂ ಒಮ್ಮೆ, ಅಥವಾ ಅಪರೂಪಕ್ಕೆ ಅಂದವರೇ ಉಳಿದವರೆಲ್ಲ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ಐದು ವರ್ಷ ನಡೆದ ಪ್ರಯೋಗದ ಫಲಿತಾಂಶ ಬಂತು. ಅದೂ ಇದನ್ನೇ ಹೇಳಿತು, ಒಂದು ತಿದ್ದುಪಡಿಯ ಜೊತೆ. ತೀರಾ ಗುರುತೇ ಇಲ್ಲದವರಿಂದ ಹೆಚ್ಚು ಉಪಯೋಗ ಇಲ್ಲ. ಒಂದಿಷ್ಟು ಗೊತ್ತಿರುವ, ಆದರೆ ಬೇರೆ ವಲಯದಲ್ಲಿ ಓಡಾಡುವವರಿಂದ ಹೆಚ್ಚು ಉಪಯೋಗ.

ಖರೀದಿ ವಿಭಾಗದಲ್ಲಿ 12 ವರ್ಷ ಇದ್ದವರಿಗೆ ಅಂಥವರು ಯಾರು? ವೆಂಡರ್‌ಗಳು! ಎರಕದ ಕಾರ್ಖಾನೆಯವರು, ಬೇರಿಂಗ್ ಡೀಲರ್‌ಗಳು, ಸಾಗಣೆ ಏಜೆಂಟರು, ಗುಣಮಟ್ಟ ನೋಡಲು ಬರುತ್ತಿದ್ದ ಇನ್‌ಸ್ಪೆಕ್ಟರ್‌ಗಳು. ಇವರೆಲ್ಲ ದಿನಕ್ಕೆ ಹತ್ತು ಕಂಪನಿಯ ಬಾಗಿಲು ಬಡಿಯುವವರು. ಯಾರ ಗೋದಾಮು ಖಾಲಿ ಇದೆ, ಯಾರ ಖರೀದಿ ಮ್ಯಾನೇಜರ್ ಬಿಟ್ಟು ಹೋದರು, ಯಾರ ಬಿಲ್ಲು ಮೂರು ತಿಂಗಳಿಂದ ಬಾಕಿ ಇದೆ, ಎಲ್ಲ ಗೊತ್ತು. ಆಕೆ ಅವರನ್ನು ಕೇಳಿರಲೇ ಇಲ್ಲ. ಕಾರಣ ಸಂಕೋಚ. ‘ನಿನ್ನೆವರೆಗೆ ಅವರು ನನ್ನ ಮುಂದೆ ಆರ್ಡರ್‌ಗಾಗಿ ಕೂರುತ್ತಿದ್ದರು. ಈಗ ನಾನು ಹೋಗಿ ಹೇಗೆ ಕೇಳಲಿ?’ ಅಂದರು. ಈ ಸಂಕೋಚವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮಾತಾಡಿ ಕರಗಿಸಲೂ ಹೋಗಲಿಲ್ಲ. ಕೇಳುವ ಪ್ರಶ್ನೆಯನ್ನೇ ಬದಲಿಸಿದೆವು.

ಮೊದಲು ಆಕೆ ಕಳಿಸುತ್ತಿದ್ದ ಮೆಸೇಜ್ ಹೀಗಿತ್ತು: ‘ಸರ್, ನಾನು ಕೆಲಸ ಹುಡುಕುತ್ತಿದ್ದೇನೆ. ಏನಾದರೂ ಇದ್ದರೆ ದಯವಿಟ್ಟು ತಿಳಿಸಿ. ರೆಸ್ಯೂಮೆ ಲಗತ್ತಿಸಿದ್ದೇನೆ.’ ಇದನ್ನು ಓದಿದವರಿಗೆ ಪಾಪ ಅನ್ನಿಸುತ್ತದೆ. ಕೊಡಲು ಅವರ ಹತ್ತಿರ ಕೆಲಸ ಇರುವುದಿಲ್ಲ. ಇಲ್ಲ ಅಂತ ಹೇಳಲು ಮನಸ್ಸು ಬರುವುದಿಲ್ಲ. ಸುಮ್ಮನಾಗುತ್ತಾರೆ.

ಎರಡನೆಯದು ಹೀಗಿತ್ತು: ‘ನಮಸ್ಕಾರ. ನಾಲ್ಕು ವರ್ಷದ ಹಿಂದೆ ಎರಕದ ಭಾಗಗಳ ಡೆಲಿವರಿ ತಡವಾದಾಗ ನಾವಿಬ್ಬರೂ ಸೇರಿ ವೇಳಾಪಟ್ಟಿ ಸರಿ ಮಾಡಿದ್ದೆವು, ನೆನಪಿರಬಹುದು. ಆರ್ಡರ್ ಕಡಿಮೆಯಾಗಿ ನಮ್ಮ ವಿಭಾಗ ಚಿಕ್ಕದಾಯಿತು, ನನ್ನ ಹುದ್ದೆ ಹೋಯಿತು. ಈಗ ಯಾವ ಯಾವ ಕಂಪನಿಗಳಿಗೆ ಬಿಡಿಭಾಗ ಸಮಯಕ್ಕೆ ಸಿಗದೇ ಕಷ್ಟ ಆಗುತ್ತಿದೆ ಅಂತ ತಿಳಿದುಕೊಳ್ಳಬೇಕಿತ್ತು. ಈ ವಾರ ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಬಹುದಾ?’ ಕೆಲಸ ಕೊಡಿ ಅಂತ ಇಲ್ಲಿ ಎಲ್ಲೂ ಇಲ್ಲ. ಉತ್ತರ ಕೊಡಬಲ್ಲ ಪ್ರಶ್ನೆ ಇದೆ. ಜೊತೆಗೆ ವೆಂಡರ್‌ಗೆ ತನಗೆ ಗೊತ್ತಿರುವುದನ್ನು ಹೇಳುವ ಖುಷಿ. ಕಳಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಫೋನ್ ಎತ್ತಿದರು.

ಎರಕದ ಕಾರ್ಖಾನೆಯೊಂದರಲ್ಲಿ ಮಾಲು ರವಾನೆ ನೋಡಿಕೊಳ್ಳುವವರು ಒಂದು ಮಾತು ಹೇಳಿದರು. ‘ಮೇಡಂ, ಹೊಸ ಪಂಪ್ ಮಾಡುವವರು ಯಾರೂ ನಮ್ಮಿಂದ ಮಾಲು ಎತ್ತುತ್ತಿಲ್ಲ. ಆದರೆ ರಿಪೇರಿಯವರು ಬೆನ್ನು ಬಿಡುತ್ತಿಲ್ಲ. ಚಿಕ್ಕ ಚಿಕ್ಕ ಆರ್ಡರ್, ಎಲ್ಲ ಅರ್ಜೆಂಟ್.’ ಯೋಚಿಸಿದರೆ ಇದು ಎದುರಿಗೇ ಇದ್ದ ವಿಷಯ. ಹೊಸ ಪಂಪ್ ಕೊಳ್ಳುವುದನ್ನು ಮುಂದಕ್ಕೆ ಹಾಕಿದ ಕಾರ್ಖಾನೆ ಹಳೆಯ ಪಂಪನ್ನೇ ಓಡಿಸಬೇಕು. ಹಳೆಯದು ಕೆಡುತ್ತದೆ. ಆಗ ರಿಪೇರಿ ಮಾಡುವ ಕಂಪನಿಗೆ ಕೆಲಸ. ರಿಪೇರಿ ಕಂಪನಿಯ ತಲೆನೋವೇ ಬೇರೆ. ಹೊಸ ಪಂಪ್ ಮಾಡುವಾಗ ಯಾವ ಭಾಗ ಎಷ್ಟು ಬೇಕು ಅಂತ ಮೂರು ತಿಂಗಳು ಮುಂಚೆ ಗೊತ್ತಿರುತ್ತದೆ. ರಿಪೇರಿಯಲ್ಲಿ ಪಂಪ್ ಬಿಚ್ಚಿದ ಮೇಲೆಯೇ ಗೊತ್ತಾಗುವುದು. ಇಂಪೆಲ್ಲರ್ (ಪಂಪಿನ ಒಳಗೆ ತಿರುಗುವ ಚಕ್ರ) ಸವೆದಿದೆ, ನಾಡಿದ್ದೇ ಬೇಕು, ಆ ಮಾಡೆಲ್ ತಯಾರಿಕೆ ನಿಂತು ಎಷ್ಟೋ ವರ್ಷ ಆಗಿದೆ. ಹತ್ತಾರು ಎರಕದವರನ್ನು, ಅವರ ಹತ್ತಿರ ಯಾವ ಹಳೆಯ ಅಚ್ಚು ಉಳಿದಿದೆ ಅನ್ನುವುದನ್ನು ತಲೆಯಲ್ಲಿ ಇಟ್ಟುಕೊಂಡವರು ಬೇಕು. ಆಕೆ ಹನ್ನೆರಡು ವರ್ಷ ಮಾಡಿದ್ದು ಇದನ್ನೇ.

ಆದರೂ ಅಲ್ಲಿಯವರೆಗೆ ಆಕೆಯ ಅಲರ್ಟ್‌ನಲ್ಲಿ ಇದ್ದದ್ದು ‘ಪಂಪ್ ತಯಾರಿಕೆ’ ಮಾತ್ರ. ಮುಳುಗುತ್ತಿದ್ದ ವಲಯದ ಒಳಗೇ ಬೇರೆ ಬೇರೆ ಬಾಗಿಲು ತಟ್ಟುತ್ತಿದ್ದರು. ಪಕ್ಕದ ವಲಯ ಕಣ್ಣಿಗೆ ಬಿದ್ದಿರಲಿಲ್ಲ.

ಎರಡು ಸಾಲು ಬದಲಾದ ರೆಸ್ಯೂಮೆ

ರಿಪೇರಿ ಕಂಪನಿಗಳಿಗೆ ಕಳಿಸುವ ಮುಂಚೆ ರೆಸ್ಯೂಮೆ ತಿದ್ದಿದೆವು. ಮೊದಲ ಸಾಲು ‘ಖರೀದಿ ವಿಭಾಗದ ಸಂಪೂರ್ಣ ಜವಾಬ್ದಾರಿ, ತಂಡದ ನಿರ್ವಹಣೆ, ವೆಂಡರ್‌ಗಳ ಜೊತೆ ಉತ್ತಮ ಸಂಬಂಧ’ ಅಂತ ಇತ್ತು. ಇದನ್ನು ಯಾರು ಬೇಕಾದರೂ ಬರೆಯಬಹುದು, ಎಲ್ಲರೂ ಬರೆಯುತ್ತಾರೆ. ಅದರ ಜಾಗಕ್ಕೆ ಬಂದದ್ದು: ‘ಒಬ್ಬರೇ ಪೂರೈಕೆದಾರರನ್ನು ನಂಬಿಕೊಂಡಿದ್ದ 14 ಬಿಡಿಭಾಗಗಳಿಗೆ ಎರಡನೇ ಪೂರೈಕೆದಾರರನ್ನು ಹುಡುಕಿ ನಿಲ್ಲಿಸಿದೆ. 90 ದಿನಕ್ಕೆ ಆಗುವಷ್ಟಿದ್ದ ದಾಸ್ತಾನನ್ನು 55 ದಿನಕ್ಕೆ ಇಳಿಸಿದೆ, ಉತ್ಪಾದನೆ ಒಮ್ಮೆಯೂ ನಿಲ್ಲಲಿಲ್ಲ.’ ಹಿಂಜರಿತದಲ್ಲಿ ಮಾಲೀಕರ ತಲೆಯಲ್ಲಿ ಓಡುವುದು ಎರಡೇ. ಗೋದಾಮಿನಲ್ಲಿ ಕೂತಿರುವ ದುಡ್ಡು ಹೇಗೆ ಹೊರಗೆ ಬರುತ್ತದೆ, ಸಾಲದ ಬಡ್ಡಿ ಹೇಗೆ ಕಟ್ಟುವುದು. ದಾಸ್ತಾನಿನ ಆ ಒಂದು ಸಾಲು ಇವೆರಡಕ್ಕೂ ಉತ್ತರ. ಆರ್ಥಿಕತೆ ಏರುತ್ತಿರುವಾಗ ಇದೇ ಸಾಲಿಗೆ ಇಷ್ಟು ಬೆಲೆ ಇಲ್ಲ. ಆಗ ‘ಉತ್ಪಾದನೆ ಎರಡು ಪಟ್ಟು ಮಾಡಲು ಬೇಕಾದ ಮಾಲು ತಂದೆ’ ಅನ್ನುವವರನ್ನು ಹುಡುಕುತ್ತಾರೆ. ಒಂದೇ ಅನುಭವ. ಯಾವ ತುದಿ ಮುಂದೆ ಮಾಡಬೇಕು ಅನ್ನುವುದು ಕಾಲ ನೋಡಿ.

ಇನ್ನೊಂದು ಭಯ ನಡುವಿನ ಖಾಲಿ ತಿಂಗಳುಗಳದ್ದು. ಮೊದಲ ಇಂಟರ್ವ್ಯೂನಲ್ಲಿ ‘ಇಷ್ಟು ದಿನ ಏನು ಮಾಡುತ್ತಿದ್ದಿರಿ?’ ಅಂತ ಕೇಳಿದಾಗ ಆಕೆ ಹಳೆಯ ಕಂಪನಿ ಹೇಗೆ ಅನ್ಯಾಯ ಮಾಡಿತು ಅಂತ ಶುರು ಮಾಡಿ ನಿಲ್ಲಿಸಲಾಗದೇ ಹೋದರು. ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಆದರೆ ಎದುರಿಗೆ ಕೂತವರಿಗೆ ಕೇಳಿಸಿದ್ದು ಸಿಟ್ಟು ಮಾತ್ರ. ಈ ಭಯದ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಇದೆ. ಕ್ರಾಫ್ಟ್, ಲಾಂಗೆ, ನೊಟೊವಿಡಿಗ್ಡೊ ಅನ್ನುವ ಮೂವರು ಅಮೆರಿಕದ 100 ದೊಡ್ಡ ನಗರ ಪ್ರದೇಶಗಳಲ್ಲಿ ಸುಮಾರು 12,000 ಕಾಲ್ಪನಿಕ ರೆಸ್ಯೂಮೆಗಳನ್ನು ನಿಜವಾದ ಜಾಹೀರಾತುಗಳಿಗೆ ಕಳಿಸಿದರು. 2013ರಲ್ಲಿ ಪ್ರಕಟವಾಯಿತು. ಕೆಲಸ ಇಲ್ಲದ ಅವಧಿ ಉದ್ದವಾದಷ್ಟೂ ಕರೆ ಬರುವುದು ಕಡಿಮೆ ಆಯಿತು. ಇಳಿಕೆ ಬಹುತೇಕ ಮೊದಲ ಎಂಟು ತಿಂಗಳಲ್ಲೇ. ಆದರೆ ನಿರುದ್ಯೋಗ ಹೆಚ್ಚಿದ್ದ ಊರುಗಳಲ್ಲಿ ಈ ಪೆಟ್ಟು ಕಡಿಮೆ ಇತ್ತು. ಎಲ್ಲರ ಕೆಲಸವೂ ಹೋಗುತ್ತಿರುವಾಗ ಖಾಲಿ ತಿಂಗಳುಗಳನ್ನು ನೋಡಿ ‘ಇವರಲ್ಲೇ ಏನೋ ಐಬು ಇದೆ’ ಅಂತ ಅಷ್ಟು ಸುಲಭಕ್ಕೆ ಅನುಮಾನ ಪಡುವುದಿಲ್ಲ. ಹಾಗಾಗಿ ಮುಚ್ಚಿಡುವ ಅಗತ್ಯ ಇಲ್ಲ. ಎಳೆಯುವ ಅಗತ್ಯವೂ ಇಲ್ಲ.

ಮುಂದಿನ ಸಲ ಆಕೆಯ ಉತ್ತರ: ‘ಆರ್ಡರ್ ಕುಸಿದು ಒಂಬತ್ತು ಜನರಲ್ಲಿ ಐದು ಹುದ್ದೆ ಹೋದವು, ನನ್ನದೂ ಒಂದು. ಸದ್ಯ ಚಿಕ್ಕ ವರ್ಕ್‌ಶಾಪ್ ಒಂದರಲ್ಲಿ ವಾರಕ್ಕೆ ಎರಡು ದಿನ ಸ್ಟಾಕ್ ಪಟ್ಟಿ ಸರಿ ಮಾಡಿಕೊಡುತ್ತಿದ್ದೇನೆ.’ ಆ ಎರಡು ದಿನದ ಕೆಲಸಕ್ಕೆ ಬರುತ್ತಿದ್ದ ಹಣ ಹೇಳಿಕೊಳ್ಳುವಂಥದ್ದಲ್ಲ. ಆದರೆ ಅದರಿಂದ ವಾರಕ್ಕೆ ಒಂದು ಆಕಾರ ಬಂತು. ಆಸ್ಟ್ರಿಯಾದ ಮಾರಿಯೆಂಟಾಲ್ ಅನ್ನುವ ಹಳ್ಳಿಯಲ್ಲಿ ಇದ್ದ ಒಂದೇ ಬಟ್ಟೆ ಗಿರಣಿ ಮುಚ್ಚಿದಾಗ, 1930ರ ದಶಕದ ಆರಂಭದಲ್ಲಿ ಮೇರಿ ಜಹೋಡಾ ಮತ್ತು ಜೊತೆಯವರು ಅಲ್ಲಿ ಹೋಗಿ ಅಧ್ಯಯನ ಮಾಡಿದ್ದರು. ಜನರ ಕೈಯಲ್ಲಿ ದಿನವಿಡೀ ಸಮಯ ಇತ್ತು, ಗ್ರಂಥಾಲಯದ ಶುಲ್ಕವನ್ನೂ ತೆಗೆದಿದ್ದರು. ಆದರೂ ಪುಸ್ತಕ ಒಯ್ಯುವುದು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿತ್ತು. ಕೆಲಸ ಇಲ್ಲದವರಿಗೆ ‘ಟೈಮ್ ಇದೆಯಲ್ಲ’ ಅನ್ನುವವರು ಇದನ್ನು ಓದಬೇಕು. ಆಕೆಯೂ ಹುಡುಕಾಟವನ್ನು ಬೆಳಗಿನ ಹೊತ್ತಿಗೆ ಕಟ್ಟಿಹಾಕಿದರು. ಮಧ್ಯಾಹ್ನದ ಮೇಲೆ ಪೋರ್ಟಲ್ ತೆಗೆಯುವಂತಿಲ್ಲ.

ಮುಕ್ಕಾಲು ಸಂಬಳದ ಆಫರ್

ಐದನೇ ತಿಂಗಳ ಕೊನೆಗೆ ಆಫರ್ ಬಂತು. ಎರಕದವರು ಹೇಳಿದ್ದ ರಿಪೇರಿ ಕಂಪನಿಗಳಲ್ಲಿ ಒಂದರಿಂದ. ಅಲ್ಲಿನ ಖರೀದಿಯವರು ದೀರ್ಘ ರಜೆಯಲ್ಲಿದ್ದರು. ಜಾಹೀರಾತು ಬಂದಿರಲೇ ಇಲ್ಲ. ಆರು ತಿಂಗಳ ಗುತ್ತಿಗೆ, ಒಂದು ಮೆಟ್ಟಿಲು ಕೆಳಗಿನ ಹುದ್ದೆ, ಹಳೆಯ ಸಂಬಳದ ಮುಕ್ಕಾಲು ಭಾಗ.

ಆಕೆ ಬೇಡ ಅನ್ನುವ ಹಂತದಲ್ಲಿದ್ದರು. ‘ಒಂದು ಸಲ ಇಳಿದರೆ ಮತ್ತೆ ಹತ್ತುವುದು ಯಾವಾಗ?’ ಪ್ರಶ್ನೆ ನ್ಯಾಯವಾದದ್ದೇ. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಡೇವಿಸ್ ಮತ್ತು ಟಿಲ್ ವಾನ್ ವಾಕ್ಟರ್ 2011ರಲ್ಲಿ ಲೆಕ್ಕ ಹಾಕಿದ್ದರು. ಅಮೆರಿಕದಲ್ಲಿ ನಿರುದ್ಯೋಗ ಶೇ. 6ಕ್ಕಿಂತ ಕಡಿಮೆ ಇರುವಾಗ ಸಾಮೂಹಿಕ ವಜಾದಲ್ಲಿ ಕೆಲಸ ಕಳೆದುಕೊಂಡ, ಒಂದೇ ಕಡೆ ಕೆಲವು ವರ್ಷ ನೆಲೆಯಾಗಿದ್ದ ಗಂಡಸರು, ಮುಂದಿನ ಜೀವನದಲ್ಲಿ ಕಳೆದುಕೊಳ್ಳುವ ಗಳಿಕೆ, ಕೆಲಸ ಹೋದ ಹೊತ್ತಿನ ಮೌಲ್ಯಕ್ಕೆ ಇಳಿಸಿ ನೋಡಿದರೆ, ಸುಮಾರು 1.4 ವರ್ಷದ ಹಳೆಯ ಸಂಬಳಕ್ಕೆ ಸಮ. ಶೇ. 8ಕ್ಕಿಂತ ಹೆಚ್ಚು ಇರುವಾಗ ಕಳೆದುಕೊಂಡರೆ ಅದು 2.8 ವರ್ಷದ ಸಂಬಳ. ಎರಡು ಪಟ್ಟು. ಇದನ್ನು ಆಕೆಗೆ ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ಹೇಳಿದೆ. ಸಂಬಳ ಇಳಿದದ್ದು ತನ್ನ ಸಾಮರ್ಥ್ಯಕ್ಕೆ ಕಟ್ಟಿದ ಬೆಲೆ ಅಂತ ಆಕೆ ಅಂದುಕೊಂಡಿದ್ದರು. ಕೆಲಸ ಹೋದ ಕಾಲಕ್ಕೆ ಬಿದ್ದ ಬೆಲೆ ಅದು ಅಂತ ತಿಳಿದ ಮೇಲೆ ಮಾತುಕತೆಗೆ ಬೇರೆ ಧ್ವನಿಯಲ್ಲಿ ಕೂತರು.

ನನ್ನ ಅಭಿಪ್ರಾಯ ಒಪ್ಪಿಕೊಳ್ಳಿ ಅಂತ. ಸಂಬಳಕ್ಕಿಂತ ಜಾಸ್ತಿ ಎಳೆದಾಡಬೇಕಾದ್ದು ಎರಡು ವಿಷಯಕ್ಕೆ: ಆರು ತಿಂಗಳಿಗೆ ಸಂಬಳದ ಮರುಪರಿಶೀಲನೆ ಆಗುತ್ತದೆ ಅಂತ ಬರವಣಿಗೆಯಲ್ಲಿ ಇರಬೇಕು, ಹುದ್ದೆಯ ಹೆಸರಿನಲ್ಲಿ ‘ಮ್ಯಾನೇಜರ್’ ಉಳಿಯಬೇಕು. ಹಿಂಜರಿತದಲ್ಲಿ ಕಂಪನಿ ಕೈಯಲ್ಲಿ ನಗದು ಇರುವುದಿಲ್ಲ, ಆದರೆ ಮುಂದಿನ ದಿನಾಂಕ ಮತ್ತು ಹುದ್ದೆಯ ಹೆಸರು ಕೊಡಲು ದುಡ್ಡು ಬೇಕಿಲ್ಲ. ಆಕೆ ಮೊದಲನೆಯದನ್ನು ಬರೆಸಿಕೊಂಡರು. ಎರಡನೆಯದು ಸಿಗಲಿಲ್ಲ. ಇನ್ನೂ ಒಂದು ಸುತ್ತು ಕೇಳಬಹುದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಸಾಕು ಅಂತ ಆಕೆ ನಿರ್ಧರಿಸಿದರು.

ಆರು ತಿಂಗಳಿಗೆ ಮರುಪರಿಶೀಲನೆ ಆಯಿತು. ರಜೆಯಲ್ಲಿದ್ದವರು ವಾಪಸ್ ಬರಲಿಲ್ಲ. ಗುತ್ತಿಗೆ ಕಾಯಂ ಆಯಿತು, ಸಂಬಳ ಹಳೆಯದರ ಹತ್ತರಲ್ಲಿ ಒಂಬತ್ತು ಭಾಗಕ್ಕೆ ಬಂತು. ಇತ್ತೀಚೆಗೆ ಹಳೆಯ ಪಂಪ್ ಕಂಪನಿಯಿಂದಲೂ ಫೋನ್ ಬಂದಿತ್ತು. ಆರ್ಡರ್ ಶುರುವಾಗಿದೆ, ವಾಪಸ್ ಬರುತ್ತೀರಾ ಅಂತ. ಸಂಬಳದ ಜೊತೆ ನೋಟಿಸ್ ಅವಧಿ ಎಷ್ಟು, ಮತ್ತೆ ಹುದ್ದೆ ಹೋದರೆ ಪರಿಹಾರ ಎಷ್ಟು, ಹಳೆಯ 12 ವರ್ಷದ ಸೇವೆ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಅಂತ ಆಕೆ ಮೇಲ್‌ನಲ್ಲಿ ಕೇಳಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.